ಆರರಲ್ಲಿ ಸತ್ತಿರುವುದು ಯಾವುದು?

ಹಳೆಯ ಟಾಟಾ 1210 ಲಾರಿಯ ಇಂಜಿನ್ನಿಗೆ ಆರು ಸಿಲಿಂಡರ್. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಂಡರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 5 ಸಲ ಡೀಸೆಲ್ ಉರಿಯಬೇಕು. ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ 5 ಸಲ ಲಯ ತಪ್ಪುತ್ತದೆ. ಗೇರ್ ರಾಡು ನಡುಗುತ್ತದೆ, ಕ್ಯಾಬಿನ್ನಿನ ಗಾಜು ಗಡಗಡ ಅನ್ನುತ್ತದೆ. ‘ಗಾಡಿ ಮಿಸ್ ಹೊಡೀತಿದೆ ಮೇಸ್ತ್ರಿ’ ಎಂದು ಡ್ರೈವರ್ ಬಂದು ನಿಲ್ಲುವುದು ಆಗಲೇ. ರೇಸ್ ಕೊಟ್ಟರೆ ಫ್ಲೈವೀಲಿನ ಓಟದಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಆದ್ದರಿಂದ ಪರೀಕ್ಷೆ ನಡೆಯುವುದು ಐಡ್ಲಿಂಗ್‌ನಲ್ಲೇ.

ಲಾರಿಗಳು ತಂಗುವ ಊರುಗಳಲ್ಲಿ ಡೀಸೆಲ್ ಪಂಪು, ನಾಝಲ್ ರಿಪೇರಿಗೆಂದೇ ಬೇರೆ ಅಂಗಡಿಗಳಿವೆ. ಗೇರ್‌ಬಾಕ್ಸ್ ಇಳಿಸುವ ಮೆಕ್ಯಾನಿಕ್ ಬೇರೆ, ಪಂಪು ಬಿಚ್ಚುವ ಮೇಸ್ತ್ರಿ ಬೇರೆ. ಈ ಕಸುಬಿಗೂ ಬೆಂಗಳೂರಿಗೂ ಗಟ್ಟಿ ನಂಟು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸಿದ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳನ್ನು ಓಡಿಸಿದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಹಳೆಯ ಮೇಸ್ತ್ರಿಗಳಿಗೆ ಅದು ಇಂದಿಗೂ ಮೈಕೋ ಪಂಪೇ.

ಒಳ್ಳೆಯ ಮೇಸ್ತ್ರಿ ಮೊದಲೇ ಪಂಪಿಗೆ ಕೈಹಾಕುವುದಿಲ್ಲ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಿತ್ತು ನೋಡಲು ವೈರೂ ಇಲ್ಲ. ಪಂಪಿನಿಂದ ಒಂದೊಂದು ಇಂಜೆಕ್ಟರಿಗೂ ಒಂದೊಂದು ಉಕ್ಕಿನ ಪೈಪ್ ಹೋಗುತ್ತದೆ. ಇಂಜಿನ್ ಓಡುತ್ತಿರುವಾಗಲೇ ಮೊದಲನೆಯ ಪೈಪಿನ ನಟ್ಟನ್ನು ಅವನು ಸ್ಪ್ಯಾನರಿನಿಂದ ತುಸು ಸಡಿಲಿಸುತ್ತಾನೆ. ಡೀಸೆಲ್ ಅಲ್ಲೇ ಚಿಮ್ಮಿಹೋಗಿ ಸಿಲಿಂಡರಿಗೆ ಸಿಗದಂತಾಗುತ್ತದೆ. ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ಅಲ್ಲಿಯವರೆಗೆ ದುಡಿಯುತ್ತಿತ್ತು ಎಂದರ್ಥ. ನಟ್ಟು ಬಿಗಿದು ಎರಡನೆಯದು, ಮೂರನೆಯದು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಸತ್ತಿರುವುದು ಅದೇ. ಚಿಮ್ಮುವ ಜಾಗಕ್ಕೆ ಮಾತ್ರ ಬೆರಳು ಒಡ್ಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ನನಗೆ ಬಲು ಮೆಚ್ಚುಗೆಯಾಗಿರುವುದು ಮುಂದಿನ ಹೆಜ್ಜೆ. ನಾಲ್ಕನೆಯದು ಸತ್ತಿದೆ ಎನ್ನೋಣ. ಅದರ ಇಂಜೆಕ್ಟರನ್ನು ಬಿಚ್ಚಿ ಐದನೆಯದಕ್ಕೆ, ಐದರದನ್ನು ನಾಲ್ಕಕ್ಕೆ ಹಾಕಿ ಮತ್ತೆ ಸ್ಟಾರ್ಟ್ ಮಾಡುತ್ತಾರೆ. ಮಿಸ್ಸಿಂಗ್ ಐದಕ್ಕೆ ಜಿಗಿದರೆ ದೋಷ ಇಂಜೆಕ್ಟರಿನದು. ನಾಲ್ಕರಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪು, ವಾಲ್ವು, ಕಂಪ್ರೆಷನ್ ನೋಡಬೇಕು. ಅವೆಲ್ಲ ಸರಿ ಇದ್ದರೆ ಮಾತ್ರ ಪಂಪಿನಲ್ಲಿ ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಎಲಿಮೆಂಟನ್ನು ನೋಡಬೇಕು. ಖರ್ಚಿಲ್ಲದ ಇಷ್ಟು ಕೆಲಸವನ್ನು ಬಿಟ್ಟು ನೇರ ಪಂಪು ಇಳಿಸುವುದೆಂದರೆ ಲಾರಿ ಮಾಲೀಕನ ಬಾಡಿಗೆಯನ್ನೂ ಹಣವನ್ನೂ ಹಾಳು ಮಾಡುವುದು.

ಮಿಸ್ಸಿಂಗ್ ಒಂದು ಕಡೆ ನಿಲ್ಲದೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಬರುತ್ತಿದ್ದರೆ ಅನುಮಾನ ಗಾಳಿಯ ಮೇಲೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಬರುವುದು ಎಳೆತದಿಂದ. ಆ ದಾರಿಯ ರಬ್ಬರ್ ಪೈಪ್ ಬಿರುಕುಬಿಟ್ಟರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಒಣಗಿಯೇ ಇರುತ್ತದೆ, ಕಣ್ಣಿಗೆ ಬೀಳದಿರುವುದು ಅದಕ್ಕೇ. ಪೈಪ್ ಸರಿಪಡಿಸಿದ ಮೇಲೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತ, ನೊರೆ ನಿಂತು ಬರಿ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕು. ಹೊಗೆಯೂ ಸುಳಿವು ಕೊಡುತ್ತದೆ. ಬಿಳಿ ಹೊಗೆ ಎಂದರೆ ಉರಿಯದೆ ಹೊರಬಿದ್ದ ಡೀಸೆಲ್, ನೀಲಿ ಎಂದರೆ ಆಯಿಲ್ ಸುಡುತ್ತಿದೆ.

ಇನ್ನು ಅಂಗಡಿಯ ಒಳಗಿನ ಕೆಲಸ. ಬಿಚ್ಚಿ ತಂದ ಇಂಜೆಕ್ಟರನ್ನು ಕೈಪಂಪಿನ ಟೆಸ್ಟರಿಗೆ ಬಿಗಿದು ಹಿಡಿಕೆ ಒತ್ತುತ್ತಾರೆ. ಒತ್ತಡ ತೋರಿಸುವ ಮುಳ್ಳು ಸುಮಾರು 200 ಬಾರ್ ಹತ್ತಿರ ಬಂದಾಗ ಇಂಜೆಕ್ಟರಿನ ತುದಿಯ ನಾಝಲ್ ಕರ್ ಎಂದು ಸದ್ದು ಮಾಡಿ, ಅದರ ಸಣ್ಣ ತೂತುಗಳಿಂದ ಡೀಸೆಲ್ ಮಂಜಿನಂತೆ ಹಾರಬೇಕು. ಒಂದು ತೂತು ಕಟ್ಟಿದ್ದರೂ ಕಾಣುತ್ತದೆ. ತುದಿಯಲ್ಲಿ ಹನಿ ತೂಗಿದರೆ ಆ ನಾಝಲ್ ಕೆಲಸಕ್ಕಿಲ್ಲ. ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅವೆರಡೂ ಜೋಡಿಯಾಗಿಯೇ ತಯಾರಾದವು, ಒಂದರ ಸೂಜಿ ಇನ್ನೊಂದಕ್ಕೆ ಕೂರುವುದಿಲ್ಲ. ಬನಿಯನ್ ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಸೂಜಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಈ ಭಾಗಗಳನ್ನು ಬಟ್ಟೆಯಿಂದ ಒರೆಸದೆ ಶುದ್ಧ ಡೀಸೆಲ್ಲಿನಲ್ಲಿ ತೊಳೆದು ಹಾಗೇ ಜೋಡಿಸುತ್ತಾರೆ.

ಪಂಪನ್ನೇ ಇಳಿಸಬೇಕಾಗಿ ಬಂದರೆ ಅದು ಏರುವುದು ಟೆಸ್ಟ್ ಬೆಂಚಿಗೆ. ಮೋಟಾರಿನಿಂದ ಪಂಪು ತಿರುಗುತ್ತದೆ, ಎದುರಿಗೆ ಗೆರೆ ಹಾಕಿದ ಆರು ಗಾಜಿನ ಕೊಳವೆಗಳು. ಗೊತ್ತಾದಷ್ಟು ಸ್ಟ್ರೋಕ್ ಆದ ಮೇಲೆ ಆರರಲ್ಲೂ ಡೀಸೆಲ್ ಸಮಮಟ್ಟಕ್ಕೆ ನಿಲ್ಲಬೇಕು. ಒಂದರಲ್ಲಿ ಕಡಿಮೆ ಬಿದ್ದರೆ ಆ ಎಲಿಮೆಂಟಿನ ಕ್ಲಾಂಪ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಕೊಳವೆ ಖಾಲಿ ಮಾಡಿ ಮತ್ತೆ ಮೊದಲಿಂದ. ಪ್ರಮಾಣದ ಜೊತೆಗೆ ಸಮಯವೂ ಹೊಂದಬೇಕು. ಆರು ಸಿಲಿಂಡರಿನ ಪಂಪಿನಲ್ಲಿ ಒಂದು ಸರದಿಗೂ ಮುಂದಿನ ಸರದಿಗೂ ಸರಿಯಾಗಿ 60 ಡಿಗ್ರಿ ಅಂತರ. ಐಡ್ಲಿಂಗ್‌ನಲ್ಲಿ ಒಂದು ಸಲಕ್ಕೆ ಬೀಳುವ ಡೀಸೆಲ್ ತೀರಾ ಅಲ್ಪ. ಅದರಲ್ಲಿ ಏರುಪೇರಾದರೂ ಗಾಡಿ ಅದುರುತ್ತದೆ.

ಹೊಸ ಬಿಎಸ್-6 ಲಾರಿಗಳಲ್ಲಿರುವುದು ಕಾಮನ್ ರೈಲ್. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಮಿಸ್ಸಿಂಗ್ ಹುಡುಕುವುದು ಸ್ಕ್ಯಾನರ್. ಹಳೆಯ ಗಾಡಿಯಲ್ಲಿ ಪಳಗಿದ ಕೈ ಅಲ್ಲಿಯೂ ಸ್ಪ್ಯಾನರ್ ಹಿಡಿದು ಓಡುವ ಇಂಜಿನ್ನಿನ ನಟ್ಟು ಸಡಿಲಿಸಲು ಹೋದರೆ ಜೀವಕ್ಕೇ ಅಪಾಯ. ಕೆಲಸ ಕಲಿಯಲು ಬರುವ ಹುಡುಗರಿಗೆ ಮೇಸ್ತ್ರಿಗಳು ಈ ಎರಡರ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಕೊಡಬೇಕು.