ನ್ಯೂರೋಫೈಬ್ರೊಮಾಟೋಸಿಸ್ ಇರುವ ಮಕ್ಕಳಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ
ನ್ಯೂರೋಫೈಬ್ರೊಮಾಟೋಸಿಸ್‌ನ ಮೊದಲನೆಯ ಬಗೆಯು 17ನೆಯ ವರ್ಣತಂತುವಿನ ಜೀನೊಂದರ ದೋಷದಿಂದ ಬರುವ ಕಾಯಿಲೆ. ಜರ್ಮನಿಯ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸನ್ 1882ರಲ್ಲಿ ಇದನ್ನು ವಿವರಿಸಿದರು. ಚರ್ಮದ ಕಂದು ಮಚ್ಚೆಗಳು, ನರಗಳ ಗಡ್ಡೆಗಳು ಇದರ ಪರಿಚಿತ ಲಕ್ಷಣಗಳು. ಮೂಳೆಗಳಿಗೆ ಬರುವ ತೊಂದರೆಗಳಲ್ಲಿ ಬೆನ್ನುಮೂಳೆಯ ಡೊಂಕೇ (ಸ್ಕೋಲಿಯೋಸಿಸ್) ಪ್ರಮುಖವಾದುದು.

ಡೊಂಕಿನಲ್ಲಿ ಎರಡು ವಿಧ. ಒಂದು, ಹದಿಹರೆಯದ ಸಾಮಾನ್ಯ ಸ್ಕೋಲಿಯೋಸಿಸ್‌ನಂತೆಯೇ ವರ್ತಿಸುತ್ತದೆ. ಡಿಸ್ಟ್ರೋಫಿಕ್ ಎಂಬ ಇನ್ನೊಂದರಲ್ಲಿ ನಾಲ್ಕರಿಂದ ಆರು ಕಶೇರುಗಳಷ್ಟೇ ಸೇರಿ ತೀಕ್ಷ್ಣವಾಗಿ ಬಾಗುತ್ತವೆ. ಪಕ್ಕೆಲುಬುಗಳು ಪೆನ್ಸಿಲಿನಂತೆ ತೆಳ್ಳಗಾಗುತ್ತವೆ. ಬ್ರೇಸ್ ಇದನ್ನು ತಡೆಯಲಾರದು. ಏಳು ವರ್ಷಕ್ಕೆ ಮೊದಲೇ ಕಾಣಿಸಿಕೊಂಡ ಸಾಮಾನ್ಯ ಡೊಂಕೂ ಈ ರೂಪಕ್ಕೆ ತಿರುಗುವ ಸಂಭವವಿರುವುದರಿಂದ, ಬೆಳೆದಂತೆ ಸರಿಹೋದೀತೆಂದು ಕಾಯುವುದು ಅಪಾಯಕರ.

ಶಸ್ತ್ರಚಿಕಿತ್ಸೆಗೆ ಮುನ್ನ ಎಂಆರ್‌ಐ ಅತ್ಯಗತ್ಯ. ಬೆನ್ನುಹುರಿಯ ನಾಳದೊಳಗೆ ಗಡ್ಡೆಯಾಗಲಿ ಒಳನುಗ್ಗಿದ ಪಕ್ಕೆಲುಬಿನ ತುದಿಯಾಗಲಿ ಇರುವುದು ತಿಳಿಯದೆ ಮೂಳೆಯನ್ನು ನೇರಗೊಳಿಸಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಲೋಹದ ಸರಳು, ತಿರುಪುಗಳಿಂದ ಕಶೇರುಗಳನ್ನು ಹಿಡಿದಿಟ್ಟು, ಮೂಳೆಯ ಚೂರುಗಳನ್ನಿರಿಸಿ ಬೆಸೆಯುವುದು ಮುಖ್ಯ ವಿಧಾನ. ಹಿಂಬದಿಯ ಬೆಸುಗೆಯೊಂದೇ ಕೂಡಿಕೊಳ್ಳದೆ ಉಳಿಯುವುದುಂಟು. ಆದುದರಿಂದ ಗೂನು 50 ಡಿಗ್ರಿ ಮೀರಿದಾಗ ಮುಂಬದಿಯಿಂದಲೂ ಬೆಸೆಯುವುದು ರೂಢಿ.

ತೀರ ಎಳೆಯ ಮಕ್ಕಳಲ್ಲಿ ಉದ್ದಕ್ಕೂ ಬೆಸೆದುಬಿಟ್ಟರೆ ಎದೆಗೂಡು, ಶ್ವಾಸಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ. ಅಂಥವರಿಗೆ ಸುಮಾರು ಆರು ತಿಂಗಳಿಗೊಮ್ಮೆ ಉದ್ದಗೊಳಿಸಬಹುದಾದ ಸರಳುಗಳನ್ನು ಅಳವಡಿಸುತ್ತಾರೆ. ಆಯಸ್ಕಾಂತದಿಂದ ಉದ್ದವಾಗುವ ಸರಳುಗಳು ಪದೇಪದೇ ಶಸ್ತ್ರಚಿಕಿತ್ಸೆ ಮಾಡುವುದನ್ನು ತಪ್ಪಿಸುತ್ತವೆಯಾದರೂ ಎಂಆರ್‌ಐ ಚಿತ್ರವನ್ನು ಕೆಡಿಸುತ್ತವೆ. ಗಡ್ಡೆಗಳ ಮೇಲೆ ಸದಾ ಕಣ್ಣಿಡಬೇಕಾದ ಈ ಮಕ್ಕಳ ವಿಷಯದಲ್ಲಿ ಅದು ಸಣ್ಣ ತೊಡಕಲ್ಲ.