ರಜೆ ಪಟ್ಟಿಯಲ್ಲಿ ಯಾರ ಹಬ್ಬ?

ಡಿಸೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳಲ್ಲೂ ವೈಟ್‌ಫೀಲ್ಡ್‌ನ ಕಚೇರಿಗಳಲ್ಲೂ ಮುಂದಿನ ವರ್ಷದ ರಜೆ ಪಟ್ಟಿಯ ಚೌಕಾಸಿ ಶುರು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ಕ್ಕೆ ಯಾರ ತಕರಾರೂ ಇಲ್ಲ. ಅವನ್ನು ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆಯೇ ಕೊಡಿಸಿದೆ. ಜೊತೆಗೆ ಇನ್ನೂ ಐದು ಹಬ್ಬದ ರಜೆ ಕೊಡಬೇಕು. ಯಾವ ಐದು? ಜಗಳವೆಲ್ಲ ಅಲ್ಲೇ.

ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿ ಎಂದು ಬರೆಯುವಷ್ಟರಲ್ಲಿ ನಾಲ್ಕು ಮುಗಿದವು. ಉಳಿದೊಂದರಲ್ಲಿ ರಂಜಾನ್, ಕ್ರಿಸ್‌ಮಸ್, ಓಣಂ ಎಲ್ಲ ಹಿಡಿಸಬೇಕು. ಕನ್ನಡಿಗರದೇ ಪಟ್ಟಿ ಮಾಡಿದರೂ ಸಲೀಸಿಲ್ಲ. ಹುಬ್ಬಳ್ಳಿ, ವಿಜಯಪುರದ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ, ಉಂಡಿ ಕಟ್ಟುವ, ಜೋಕಾಲಿ ಜೀಕುವ ಹಬ್ಬ. ಬೆಂಗಳೂರಿನ ಪಟ್ಟಿಯಲ್ಲಿ ಅದು ಕಾಣುವುದು ಅಪರೂಪ. ಮಂಡ್ಯ, ರಾಮನಗರದವರಿಗೆ ಯುಗಾದಿಯ ಮರುದಿನದ ಹೊಸತೊಡಕು ಬಿಡಲಾಗದ್ದು. ಅವತ್ತು ಮಟನ್ ಅಂಗಡಿ ಮುಂದೆ ಸಾಲು, ಪಾಳಿಯಲ್ಲಿ ಹಾಜರಿ ಕಮ್ಮಿ. ಮಂಗಳೂರಿನ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್. ಬಿಹಾರದ ಹುಡುಗರು ದೀಪಾವಳಿಗಿಂತ ಛಠ್‌ಗೆ ಊರಿಗೆ ಹೋಗಲು ಹವಣಿಸುತ್ತಾರೆ.

ಇದಕ್ಕೆಲ್ಲ ಕಂಪನಿಗಳ ಸಿದ್ಧ ಉತ್ತರ ‘ನಾವೆಲ್ಲ ಒಂದೇ ಕುಟುಂಬ’. ನನಗಂತೂ ಈ ಮಾತು ಕೇಳಿದರೆ ಸಣ್ಣ ಅನುಮಾನ. ನಮ್ಮ ಕುಟುಂಬಗಳಲ್ಲಿ ದೊಡ್ಡವರು ಹೇಳಿದ್ದೇ ಕೊನೆ. ‘ನಾನು ಒಲ್ಲೆ’ ಎಂದವರು ಕಾರಣ ಕೊಡಬೇಕು. ಕಚೇರಿಯಲ್ಲಿ ಬೇಕಾಗಿರುವುದು ಕಾರಣ ಹೇಳದೆಯೂ ದೂರ ಉಳಿಯುವ ಸಲುಗೆ.

ಆಯುಧಪೂಜೆಯನ್ನೇ ನೋಡಿ. ಸರ್ವರ್ ರೂಮಿನ ಬಾಗಿಲಿಗೆ ಬಾಳೆಕಂದು, ಲ್ಯಾಪ್‌ಟಾಪ್‌ಗಳಿಗೆ ಅರಿಶಿನ ಕುಂಕುಮ, ಗೇಟಿನ ಮುಂದೆ ಒಡೆದ ಬೂದುಗುಂಬಳ. ಕೆಲವರು ಮಂಗಳಾರತಿಗೆ ಮುಂದೆ ನಿಲ್ಲುತ್ತಾರೆ, ಕೆಲವರು ಕಡ್ಲೆಪುರಿ ಹೊತ್ತಿಗೆ ಬರುತ್ತಾರೆ, ಒಬ್ಬಿಬ್ಬರು ಸೀಟು ಬಿಟ್ಟು ಏಳುವುದಿಲ್ಲ. ಆಗ ಮ್ಯಾನೇಜರ್ ಪ್ರೀತಿಯಿಂದಲೇ, ‘ಯಾಕ್ರೀ ಅಲ್ಲೇ ಕೂತ್ರಿ? ಬನ್ನಿ, ಕುಂಕುಮ ಇಟ್ಕೊಳ್ಳಿ’ ಎಂದು ಕೂಗುತ್ತಾರೆ. ಎಲ್ಲರ ಕಣ್ಣೂ ಅತ್ತ ಹೊರಳುತ್ತದೆ. ಸೂಕ್ಷ್ಮ ಗೊತ್ತಿರುವ ಮ್ಯಾನೇಜರ್ ಕಡ್ಲೆಪುರಿ ಪೊಟ್ಟಣವನ್ನು ಸೀಟಿಗೇ ಕಳಿಸಿ ಸುಮ್ಮನಾಗುತ್ತಾರೆ. ಕೇಳದೆ ಯಾರ ಲ್ಯಾಪ್‌ಟಾಪ್‌ಗೂ ಕುಂಕುಮ ಹಚ್ಚಬೇಡಿ ಎಂದು ಹಿಂದಿನ ದಿನವೇ ಹೇಳಿರುತ್ತಾರೆ.

ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ ಎರಡು ನಿರ್ಬಂಧಿತ ರಜೆಯನ್ನು ತಮ್ಮ ಇಷ್ಟದ ಹಬ್ಬಕ್ಕೆ ಆರಿಸಿಕೊಳ್ಳುವ ಅವಕಾಶವಿದೆ. ಖಾಸಗಿಯವರೂ ಇಂಥದ್ದೊಂದನ್ನು ಇಟ್ಟುಕೊಂಡರೆ ಅರ್ಧ ಚೌಕಾಸಿ ಕರಗುತ್ತದೆ. ಉಳಿದರ್ಧ ಗಡಿಯಾರದ್ದು. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಕ್ಲೈಂಟ್ ಬೆಳಗಿನ ಎಂಟಕ್ಕೆ ಕಾಲ್ ಇಟ್ಟರೆ ನಮಗೆ ಸಂಜೆ ಆರೂವರೆ. ರಂಜಾನ್ ತಿಂಗಳು ಫೆಬ್ರುವರಿಯಲ್ಲಿ ಬಂದರೆ ಅದು ಉಪವಾಸ ಬಿಡುವ ಹೊತ್ತು. ಕಾಲ್ ಅನ್ನು ಅರ್ಧ ಗಂಟೆ ಮುಂದೂಡಲು ಯಾವ ವೈವಿಧ್ಯ ತರಬೇತಿಯೂ ಬೇಡ, ಕ್ಲೈಂಟ್‌ಗೆ ಎರಡು ಸಾಲಿನ ಮೇಲ್ ಸಾಕು.

ದೀಪಾವಳಿ ರಾತ್ರಿಯ ಪಾಳಿಗೆ ‘ನಿಮಗೆ ಹಬ್ಬ ಇಲ್ವಲ್ಲ’ ಎಂದು ಒಬ್ಬರನ್ನೇ ಹಾಕುವುದು ಇನ್ನೊಂದು ಚಾಳಿ. ಮದುವೆಯಾಗದವರಿಗೂ ಇದೇ ಗತಿ: ‘ನಿಮಗೇನು ಹೆಂಡ್ರಾ ಮಕ್ಳಾ!’ ರಜೆಯ ದಿನ ದುಡಿದರೆ ಎರಡರಷ್ಟು ಸಂಬಳ ಇಲ್ಲವೇ ಬದಲಿ ರಜೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅದನ್ನು ಮೊದಲೇ ಹೇಳಿ ಕೇಳಿದರೆ ಒಪ್ಪಿಕೊಳ್ಳುವವರು ಸಿಗುತ್ತಾರೆ.

ಹಾಗಂತ ಎಲ್ಲರ ಎಲ್ಲ ನಂಬಿಕೆಗೂ ಜಾಗ ಮಾಡಿಕೊಡಬೇಕಿಲ್ಲ. ಹೆಂಗಸಿನ ಕೈಕೆಳಗೆ ಕೆಲಸ ಮಾಡಲಾರೆ ಎನ್ನುವವನ ಜೊತೆ ಹೊಂದಾಣಿಕೆಯ ಮಾತೇ ಇಲ್ಲ. ಪ್ಯಾಂಟ್ರಿಯಲ್ಲಿ ಮೀನಿನ ವಾಸನೆ ಆಗದವರಿಗೆ ಇನ್ನೊಂದು ಮೈಕ್ರೋವೇವ್ ತರಿಸೋಣ. ಆದರೆ ಮೀನು ತಿನ್ನುವವರು ಆ ಮೂಲೆಯ ಮೇಜಿಗೆ ಹೋಗಲಿ ಎಂದರೆ ಅದು ಪಂಕ್ತಿಭೇದ. ಅದನ್ನು ತಂಡದ ಸಭೆಯಲ್ಲಿ ಮತಕ್ಕೆ ಹಾಕುತ್ತ ಕೂರದೆ, ಅವತ್ತೇ ಆ ಮೇಜು ಎತ್ತಿಸಬೇಕು.