ಗಿಟಾರ್ ಪೆಡಲುಗಳಲ್ಲಿ ಅರ್ಧವಾಹಕ ಸ್ವಿಚ್ಚುಗಳ ಉಪಯೋಗ

ವಿದ್ಯುತ್ ಗಿಟಾರಿನ ತಂತಿಯ ಕಂಪನವು ಪಿಕಪ್ಪಿನಲ್ಲಿ ಅಲ್ಪ ಪ್ರಮಾಣದ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ಸಂಜ್ಞೆಯು ವರ್ಧಕವನ್ನು ಸೇರುವ ಮುನ್ನ ಅದರ ನಾದಗುಣವನ್ನು ಮಾರ್ಪಡಿಸುವ ಚಿಕ್ಕ ಪೆಟ್ಟಿಗೆಗೆ ಪೆಡಲ್ ಎಂದು ಹೆಸರು. ೧೯೬೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೇಸ್ಟ್ರೋ ಫಜ್-ಟೋನ್ ಈ ವರ್ಗದ ಮೊದಲ ಉಪಕರಣಗಳಲ್ಲೊಂದು. ವಾದಕನ ಎರಡು ಕೈಗಳೂ ವಾದ್ಯದ ಮೇಲಿರುವುದರಿಂದ ಪೆಡಲಿನ ಸ್ವಿಚ್ಚನ್ನು ಕಾಲಿನಿಂದಲೇ ಮೆಟ್ಟಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಬೇಗನೆ ಸವೆಯುವ ಭಾಗಗಳಲ್ಲಿ ಈ ಸ್ವಿಚ್ಚು ಒಂದು. ಕಚೇರಿಯ ನಡುವೆ ಅದು ಕೆಟ್ಟರೆ ಪೆಡಲಿನ ಪರಿಣಾಮ ಮಾತ್ರವಲ್ಲ, ಗಿಟಾರಿನ ಧ್ವನಿಯೇ ನಿಂತುಹೋಗಬಹುದು. ಆದುದರಿಂದ ಸ್ವಿಚ್ಚಿನ ಆಯ್ಕೆ ಅಲಕ್ಷಿಸತಕ್ಕ ವಿಷಯವಲ್ಲ.

ಯಾಂತ್ರಿಕ ಸ್ವಿಚ್ಚುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂರು ಧ್ರುವಗಳೂ ಒಂಬತ್ತು ಕಾಲುಗಳೂ ಉಳ್ಳ ಮಾದರಿ. ಎರಡು ಧ್ರುವಗಳು ಸಂಜ್ಞೆಯ ಒಳದಾರಿ ಹೊರದಾರಿಗಳನ್ನು ಬದಲಿಸುತ್ತವೆ. ಮೂರನೆಯದು ಸೂಚಕ ದೀಪವನ್ನು ಹೊತ್ತಿಸುತ್ತದೆ. ಪೆಡಲು ಬೇಡವಾದಾಗ ಸಂಜ್ಞೆಯು ಲೋಹದಿಂದ ಲೋಹಕ್ಕೆ ನೇರವಾಗಿ ಹರಿಯುತ್ತದೆ. ಬ್ಯಾಟರಿ ಬರಿದಾಗಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಇದು ಆ ಸ್ವಿಚ್ಚಿನ ದೊಡ್ಡ ಗುಣ. ಆದರೆ ಸಂಜ್ಞೆಯೇ ಅದರ ಮೂಲಕ ಹರಿಯುವುದರಿಂದ, ಸಂಪರ್ಕ ಬಿಂದುಗಳು ಸವೆದಂತೆ ಅಥವಾ ಮಾಸಿದಂತೆ ಧ್ವನಿಯೂ ಕೆಡುತ್ತದೆ.

೧೯೬೮ರಲ್ಲಿ ಆರ್.ಸಿ.ಎ. ಸಂಸ್ಥೆಯು ೪೦೦೦ ಶ್ರೇಣಿಯ ಚಿಪ್ಪುಗಳನ್ನು ಹೊರತಂದಿತು. ಇದೇ ಶ್ರೇಣಿಗೆ ಸೇರಿದ ೪೦೬೬ ಎಂಬ ಹದಿನಾಲ್ಕು ಕಾಲಿನ ಚಿಪ್ಪಿನಲ್ಲಿ ನಾಲ್ಕು ಬಿಡಿ ಸ್ವಿಚ್ಚುಗಳಿವೆ. ಹದಿನಾರು ಕಾಲಿನ ೪೦೫೩ರಲ್ಲಿ ದಾರಿ ಬದಲಿಸುವ ಮೂರು ಸ್ವಿಚ್ಚುಗಳಿವೆ. ಎರಡನೆಯದು ಮೇಲೆ ಹೇಳಿದ ಯಾಂತ್ರಿಕ ಸ್ವಿಚ್ಚಿಗೆ ಸರಿಸಮಾನ. ಇವುಗಳಲ್ಲಿ ಎನ್ ಮತ್ತು ಪಿ ಎಂಬ ಎರಡು ಬಗೆಯ ಟ್ರಾನ್ಸಿಸ್ಟರುಗಳು ಸಮಾಂತರವಾಗಿ ಜೋಡಿಸಲ್ಪಟ್ಟಿವೆ. ನಿಯಂತ್ರಕ ಕಾಲಿನ ವೋಲ್ಟೇಜು ಬದಲಾದೊಡನೆ ಜೋಡಿಯು ತೆರೆಯುತ್ತದೆ ಇಲ್ಲವೆ ಮುಚ್ಚುತ್ತದೆ. ಚಲಿಸುವ ಭಾಗವೊಂದೂ ಇಲ್ಲದಿರುವುದರಿಂದ ಸವೆತದ ಪ್ರಶ್ನೆಯೇ ಇಲ್ಲ.

ಆದರೆ ಈ ಚಿಪ್ಪು ಸರಿಯಾಗಿ ಕೆಲಸಮಾಡಬೇಕಾದರೆ ಎರಡು ನಿಬಂಧನೆಗಳನ್ನು ಪಾಲಿಸಬೇಕು. ಮೊದಲನೆಯದಾಗಿ, ಸಂಜ್ಞೆಯು ಚಿಪ್ಪಿನ ಸರಬರಾಜಿನ ಎಲ್ಲೆಯೊಳಗೇ ಇರಬೇಕು. ಪೆಡಲಿನ ಸರಬರಾಜು ಸಾಮಾನ್ಯವಾಗಿ ೦ ಮತ್ತು ೯ ವೋಲ್ಟು. ಗಿಟಾರಿನ ಸಂಜ್ಞೆ ಸೊನ್ನೆಯ ಮೇಲೂ ಕೆಳಗೂ ತೂಗುವುದರಿಂದ ಅದರ ಕೆಳಗಿನ ಭಾಗ ಎಲ್ಲೆ ಮೀರಿ ವಿಕಾರಗೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ, ಧಾರಕದ ಮೂಲಕ ಸಂಜ್ಞೆಯನ್ನು ಒಳಬಿಟ್ಟು, ೧೦ ಲಕ್ಷ ಓಮಿನ ರೋಧಕದಿಂದ ಅದನ್ನು ೪.೫ ವೋಲ್ಟಿನ ಮಟ್ಟಕ್ಕೆ ಏರಿಸುವುದು. ಧಾರಕ ೦.೧ ಮೈಕ್ರೊಫ್ಯಾರಡ್ ಆಗಿದ್ದರೆ ತಡೆಯ ಮೇರೆ ಸುಮಾರು ೧.೬ ಹರ್ಟ್ಸ್, ಗಿಟಾರಿನ ಅತಿ ಮಂದ್ರ ತಂತಿಯ ಆವರ್ತನ ಸುಮಾರು ೮೨ ಹರ್ಟ್ಸ್. ಆದುದರಿಂದ ನಾದಕ್ಕೆ ಲೋಪವಿಲ್ಲ. ಸ್ವಿಚ್ಚಿನ ಎಲ್ಲ ತುದಿಗಳೂ ಇದೇ ಮಟ್ಟದಲ್ಲಿದ್ದರೆ, ಬದಲಿಸುವಾಗ ಕೇಳಿಬರುವ ‘ಟಪ್’ ಎಂಬ ಸದ್ದೂ ಬಹುಮಟ್ಟಿಗೆ ಅಡಗುತ್ತದೆ.

ಎರಡನೆಯದಾಗಿ, ಮುಚ್ಚಿದ ಸ್ವಿಚ್ಚಿಗೂ ೯ ವೋಲ್ಟಿನಲ್ಲಿ ಸುಮಾರು ೨೦೦ ಓಮ್ ರೋಧವಿರುತ್ತದೆ. ಸಂಜ್ಞೆಯ ಏರಿಳಿತಕ್ಕೆ ತಕ್ಕಂತೆ ಇದು ಸ್ವಲ್ಪ ಬದಲಾಗುತ್ತದೆ. ಮುಂದಿನ ಹಂತದ ರೋಧ ೧೦ ಲಕ್ಷ ಓಮ್ ಆಗಿದ್ದರೆ ನಷ್ಟ ಶೇಕಡ ೦.೦೨ ಮಾತ್ರ, ೧೦ ಸಾವಿರ ಓಮ್ ಆಗಿದ್ದರೆ ಅದು ಶೇಕಡ ೨ರಷ್ಟಾಗಿ ವಿಕಾರಕ್ಕೂ ಎಡೆಗೊಡುತ್ತದೆ. ಆದಕಾರಣ ಚಿಪ್ಪಿನ ಮುಂದೆ ಹೆಚ್ಚು ರೋಧದ ಹಂತವೇ ಇರತಕ್ಕದ್ದು.

ಇಷ್ಟಾದರೂ ಕಾಲಿಗೊಂದು ಗುಂಡಿ ಬೇಕೇ ಬೇಕು. ಒತ್ತಿದಾಗ ಅದರ ಲೋಹವು ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತದೆ. ರೋಧಕ-ಧಾರಕಗಳಿಂದ ಅದನ್ನು ಶಮನಗೊಳಿಸಿ, ೪೦೧೩ರಂಥ ಸ್ಮೃತಿಮಂಡಲಕ್ಕೆ ಒಪ್ಪಿಸಬೇಕು. ಆದರೆ ಈ ಗುಂಡಿಯಲ್ಲಿ ಹರಿಯುವುದು ಆಜ್ಞೆ ಮಾತ್ರ, ನಾದವಲ್ಲ. ಗುಂಡಿ ಕೆಟ್ಟರೂ ಧ್ವನಿ ನಿಲ್ಲದು. ಅದನ್ನು ದೂರದಲ್ಲಿಟ್ಟರೂ ಬಾಧಕವಿಲ್ಲ. ಜಪಾನಿನ ಬಾಸ್ ಸಂಸ್ಥೆಯು ೧೯೭೭ರ ಪೆಡಲುಗಳಲ್ಲಿಯೇ ಈ ತತ್ತ್ವವನ್ನು, ಚಿಪ್ಪಿಗೆ ಬದಲು ಬಿಡಿ ಟ್ರಾನ್ಸಿಸ್ಟರುಗಳಿಂದ, ಅಳವಡಿಸಿತ್ತು.

ಉಳಿಯುವ ಕೊರತೆಯೊಂದೇ: ವಿದ್ಯುತ್ತು ನಿಂತರೆ ಚಿಪ್ಪು ಸಂಜ್ಞೆಯನ್ನು ಸರಿಯಾಗಿ ದಾಟಿಸಲಾರದು. ಸರಬರಾಜು ಭದ್ರವಾಗಿರುವೆಡೆ ಚಿಪ್ಪು ಲೇಸು. ಅದನ್ನು ನಂಬಲಾಗದ ವೇದಿಕೆಯಲ್ಲಿ, ವಿದ್ಯುತ್ತಿಲ್ಲದಾಗ ನೇರ ದಾರಿಗೆ ಮರಳುವ ರಿಲೇಯನ್ನೋ ಹಳೆಯ ಯಾಂತ್ರಿಕ ಸ್ವಿಚ್ಚನ್ನೋ ಆಶ್ರಯಿಸುವುದು ಯುಕ್ತ.